ಸೂಕ್ತ ಅಭ್ಯರ್ಥಿ ಲಭ್ಯವಿಲ್ಲ

ಜುಲೈ ತಿಂಗಳ ಒಂದು ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ನಾನು ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಕರೆದೆ. ನಾನೇ ಬಾಗಿಲು ತೆರೆದೆ. ನಾನೇ ಒಳಗೆ ಹೋಗಿ ಕುಳಿತೆ. ಕುಳಿತದ್ದು ತಪ್ಪು ಎಂದು ಆಮೇಲೆ ತುಂಬ ಜನ ಹೇಳಿದರು. ಕರೆದದ್ದು ತಪ್ಪು ಎಂದು ಯಾರೂ ಹೇಳಲಿಲ್ಲ. ಕರೆಯುವುದು ನನ್ನ ಡ್ಯೂಟಿಯಾಗಿತ್ತು.

ನನ್ನ ಹೆಸರು ಹರ್ಷಿತಾ. ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಹತ್ತಿರ ಒಂದು ಕಾಲನಿ ನಮ್ಮದು. ನಮ್ಮ ಕಡೆ ಕಾಲನಿ ಎಂದರೆ ಸಾಕು, ಜಾತಿ ಕೇಳುವ ಕಷ್ಟ ಯಾರಿಗೂ ಇಲ್ಲ. ಅಪ್ಪ ಹುಕ್ರಪ್ಪ ಇಪ್ಪತ್ತೆಂಟು ವರ್ಷ ಕೆಂಪುಕಲ್ಲಿನ ಕೋರೆಯಲ್ಲಿ ಲಾರಿಗೆ ಕಲ್ಲು ತುಂಬಿದರು. ಒಂದು ಕಲ್ಲು ಒಣಗಿದ್ದರೆ ಮೂವತ್ತು ಕಿಲೋ. ನೆನೆದರೆ ಎಷ್ಟು ಎಂದು ತೂಗಿ ನೋಡಿದವರಿಲ್ಲ. ಹೈಸ್ಕೂಲಿನ ಎರಡು ಏಪ್ರಿಲ್ ರಜೆಯಲ್ಲಿ ನಾನೂ ಹೊತ್ತಿದ್ದೇನೆ. ಬಲಭುಜದ ಮೂಳೆಯ ಮೇಲೆ ಚರ್ಮ ಈಗಲೂ ದಪ್ಪ ಉಂಟು. ನಾನು ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯದ ಕಟ್ಟಡಕ್ಕೆ ಅಪ್ಪನೇ ಕಲ್ಲು ಹೊತ್ತದ್ದು ಎಂದು ಬರೆದರೆ ಕಥೆಗೆ ಒಳ್ಳೆಯದಾಗುತ್ತಿತ್ತು. ಹಾಗೇನಿಲ್ಲ. ಅದಕ್ಕೆ ಕಲ್ಲು ಬೇರೆ ಕಡೆಯಿಂದ ಬಂದದ್ದು. ಅಲ್ಲಿಯೂ ಯಾರದೋ ಅಪ್ಪ ಹೊತ್ತಿರಬೇಕು.

ಮೂಡುಬಿದಿರೆಯಲ್ಲಿ ಡಿಗ್ರಿ ಮಾಡಿದೆ. ಆಮೇಲೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ., ನೆಟ್, ಧಾರವಾಡದಲ್ಲಿ ಪಿಎಚ್.ಡಿ. ಇಷ್ಟು ಮಾಡಿ ಬೆಳ್ತಂಗಡಿ ಕಡೆಯ ಒಂದು ಕಾಲೇಜಿನಲ್ಲಿ ಮೂರು ವರ್ಷ ಅತಿಥಿ ಉಪನ್ಯಾಸಕಿಯಾದೆ. ಅತಿಥಿ ಎಂದರೆ ಗೊತ್ತಲ್ಲ, ಹೊತ್ತು ಮೀರಿ ಕೂರಬಾರದು. ನಾಲ್ಕನೆಯ ವರ್ಷ ನಿಮ್ಮ ವಿಷಯಕ್ಕೆ ಮಕ್ಕಳು ಸೇರಲಿಲ್ಲ ಎಂದರು. ಎದ್ದು ಬಂದೆ.

ಅಪ್ಪನ ಮಂಡಿ ಆ ವರ್ಷವೇ ಕೈಕೊಟ್ಟಿತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ವಿಶ್ವವಿದ್ಯಾಲಯಕ್ಕೆ ಹೊರಗುತ್ತಿಗೆಯಲ್ಲಿ ಅಟೆಂಡರುಗಳನ್ನು ಕೊಡುವ ಒಂದು ಏಜೆನ್ಸಿ ಇತ್ತು. ಅದನ್ನು ನೋಡಿಕೊಳ್ಳುವವನು ಮನೀಷ್. ನನಗಿಂತ ಮೊದಲು ನಿಂತಿದ್ದ ಬಿ.ಎಡ್. ಆದ ಹುಡುಗನನ್ನು ಅವನು ಹಿಂದೆ ಕಳಿಸಿದ.

"ಹೆಚ್ಚು ಓದಿದವರು ನಮಗೆ ಬೇಡ ಮಾರಾಯ. ಅವರು ಕಸ ಗುಡಿಸುವಾಗ ಯೋಚನೆ ಮಾಡ್ತಾರೆ."

ನಾನು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮಾತ್ರ ಹೊರಗೆ ತೆಗೆದೆ. ಉಳಿದದ್ದು ಚೀಲದಲ್ಲೇ ಇತ್ತು. ಕೆಲಸ ಸಿಕ್ಕಿತು.

ನನ್ನನ್ನು ನೇಮಕಾತಿ ವಿಭಾಗಕ್ಕೆ ಹಾಕಿದರು. ಬೆಳಿಗ್ಗೆ ಎಂಟೂವರೆಗೆ ನೆಲ ಗುಡಿಸಿ ಒರೆಸಬೇಕು. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಎರಡು ಮಹಡಿ ಮೇಲೆ ಹೊರಬೇಕು. ಅದಕ್ಕೆ ಕಲ್ಲು ಹೊತ್ತ ಭುಜ ಉಪಯೋಗಕ್ಕೆ ಬಂತು, ಪಿಎಚ್.ಡಿ. ಬರಲಿಲ್ಲ. ಹತ್ತು ಗಂಟೆಯ ಚಹಾ, ಮೂರೂವರೆಯ ಚಹಾ, ಎರಡರ ಲೋಟಗಳನ್ನೂ ತೊಳೆಯಬೇಕು. ನಡುವೆ ಹಳೆಯ ಕಡತ ಬೇಕೆಂದರೆ ಕೆಳಗಿನ ದಾಖಲೆ ಕೋಣೆಗೆ ಇಳಿದು ತರಬೇಕು. ಏಜೆನ್ಸಿ ಒಂದು ನೀಲಿ ಕೋಟು ಕೊಟ್ಟಿತ್ತು. ಅದನ್ನು ಹಾಕಿದ ಮೇಲೆ ಜನ ನಮ್ಮ ಮುಖ ನೋಡುವುದಿಲ್ಲ. ಇದು ನನಗೆ ಆಮೇಲೆ ಬಹಳ ಅನುಕೂಲವಾಯಿತು.

ವಿಭಾಗದ ಸೂಪರಿಂಟೆಂಡೆಂಟ್ ಶೋಧನ್ ಸರ್ ಕೆಟ್ಟವರಲ್ಲ. ಒಂದು ಮಧ್ಯಾಹ್ನ ಅವರು, "ಹರ್ಷಿತಾ, ಬ್ಯಾಕ್‌ಲಾಗ್ ಕಡತ ಎಲ್ಲ ಮೇಲೆ ತಂದು ಧೂಳು ಹೊಡಿ. ಸರಕಾರದಿಂದ ಕೇಳಿದ್ದಾರೆ" ಎಂದರು. ಬ್ಯಾಕ್‌ಲಾಗ್ ಎಂದರೆ ಪರಿಶಿಷ್ಟರಿಗೆ ಮೀಸಲಿಟ್ಟು, ವರ್ಷಗಟ್ಟಲೆ ತುಂಬದೆ ಬಿಟ್ಟ ಹುದ್ದೆಗಳು. ಒಂದೊಂದು ಕಟ್ಟೂ ಒಂದೊಂದು ಕೂಸಿನಷ್ಟು ಭಾರ. ಐದು ಸಲ ಹತ್ತಿಳಿದೆ. ಧೂಳು ಹೊಡೆಯುತ್ತ ಓದಿದೆ. ಮನೀಷ್ ಹೇಳಿದ್ದು ಸರಿಯೇ, ಹೆಚ್ಚು ಓದಿದವರು ಕೆಲಸದ ನಡುವೆ ಯೋಚನೆ ಮಾಡುತ್ತಾರೆ.

ಹನ್ನೊಂದು ವರ್ಷದಲ್ಲಿ ಹದಿನಾಲ್ಕು ಸಂದರ್ಶನ ಆಗಿತ್ತು. ಬೇರೆ ಬೇರೆ ವಿಭಾಗ, ಬೇರೆ ಬೇರೆ ಸಮಿತಿ. ಒಟ್ಟು ತೊಂಬತ್ತಾರು ಮಂದಿ ಬಂದಿದ್ದರು. ಎಲ್ಲರಿಗೂ ನೆಟ್ ಇತ್ತು ಇಲ್ಲವೇ ಪಿಎಚ್.ಡಿ. ಇತ್ತು, ಕೆಲವರಿಗೆ ಎರಡೂ ಇತ್ತು. ಹದಿನಾಲ್ಕು ಕಡತದ ಕೊನೆಯ ಹಾಳೆಯಲ್ಲೂ ಒಂದೇ ವಾಕ್ಯ. ‘ಸೂಕ್ತ ಅಭ್ಯರ್ಥಿ ಲಭ್ಯವಾಗಿರುವುದಿಲ್ಲ.’ ಹದಿನಾಲ್ಕರಲ್ಲಿ ಹನ್ನೆರಡು ಕಡೆ ಅದೇ ಅಕ್ಷರಶೈಲಿ, ಅದೇ ಜಾಗದಲ್ಲಿ ಅಲ್ಪವಿರಾಮ. ಯಾರೋ ಒಂದು ಸಲ ಟೈಪ್ ಮಾಡಿ ಇಟ್ಟದ್ದು, ಬೇಕಾದಾಗ ದಿನಾಂಕ ಬದಲಿಸುವುದು. ಕೆಲಸ ಉಳಿಸುವ ಕ್ರಮ.

ಹದಿನೈದನೆಯದಕ್ಕೆ ಆ ವರ್ಷವೇ ಪ್ರಕಟಣೆ ಹೊರಟಿತು. ಸಹಾಯಕ ಪ್ರಾಧ್ಯಾಪಕ ಹುದ್ದೆ, ಸಂಖ್ಯಾಶಾಸ್ತ್ರ, ಪರಿಶಿಷ್ಟ ಜಾತಿ, ಒಂದು. ಪ್ರಕಟಣೆಯನ್ನು ಫಲಕಕ್ಕೆ ಅಂಟಿಸಿದವಳು ನಾನೇ. ಗೋಂದು ಒಣಗುವ ಮೊದಲೇ ತೀರ್ಮಾನ ಮಾಡಿದ್ದೆ.

ನಾನು ಕಳಿಸಿದ ಅರ್ಜಿಯೂ ಅಂಚೆಯಲ್ಲಿ ಬಂತು. ಲಕೋಟೆ ಒಡೆದು ಕ್ರಮ ಸಂಖ್ಯೆ ಹಾಕುವುದೂ ನನ್ನ ಕೆಲಸ. ಡಾ. ಹರ್ಷಿತಾ ಎಚ್. ಎಂಬ ಅರ್ಜಿಗೆ ಏಳು ಎಂದು ಬರೆದೆ. ಶೋಧನ್ ಸರ್ ಪರಿಶೀಲಿಸುತ್ತ ಫೋಟೋದ ಹತ್ತಿರ ನಿಂತರು.

"ಇವರನ್ನು ಎಲ್ಲೋ ನೋಡಿದ ಹಾಗೆ ಉಂಟಲ್ಲ?"

"ಇರಬಹುದು ಸರ್" ಎಂದೆ. ಅವರ ಲೋಟ ತೆಗೆದುಕೊಂಡು ಹೋದೆ.

ಹೇಳಲಿಲ್ಲ ಯಾಕೆಂದರೆ ಭಯ ಇತ್ತು. ಹೇಳಿದರೆ ಏಜೆನ್ಸಿಗೆ ತಿಳಿಯುತ್ತದೆ, ಇದ್ದ ಕೆಲಸ ಹೋಗುತ್ತದೆ, ಅಪ್ಪನ ಮದ್ದು ನಿಲ್ಲುತ್ತದೆ. ಸಂದರ್ಶನದ ಪತ್ರವನ್ನು ನನಗೆ ನಾನೇ ಅಂಚೆಗೆ ಹಾಕಿದೆ. ಮೂರನೆಯ ದಿನ ಮನೆಗೆ ಬಂತು. ಅಪ್ಪ ಸಹಿ ಮಾಡಿ ತೆಗೆದುಕೊಂಡು, ಕನ್ನಡಕ ಇಲ್ಲದೆಯೂ ತಲೆಕೆಳಗಾಗದ ಹಾಗೆ ಹಿಡಿದುಕೊಂಡು ಅಂಗಳದಲ್ಲಿ ಕುಳಿತಿದ್ದರು.

ಒಂದು ದಿನದ ರಜೆ ಬೇಕಿತ್ತು. ಮನೀಷನಿಗೆ ಫೋನ್ ಮಾಡಿದೆ.

"ಬುಧವಾರವಾ? ಆ ದಿನ ದೊಡ್ಡ ಇಂಟರ್‌ವ್ಯೂ ಉಂಟು ಮಾರಾಯ್ತಿ. ಬಾಗಿಲಲ್ಲಿ ಜನ ಬೇಕು. ರಜೆ ಗಿಜೆ ಇಲ್ಲ. ಬಾರದಿದ್ದರೆ ಬೇರೆಯವರನ್ನು ಹಾಕ್ತೇನೆ."

ನನ್ನ ಸಂದರ್ಶನಕ್ಕೆ ಹೋಗಲು ನನ್ನ ಸಂದರ್ಶನವೇ ಅಡ್ಡ ಬಂತು. ಆಯಿತು ಎಂದು ಫೋನ್ ಇಟ್ಟೆ.

ಆ ದಿನ ಹಸಿರು ರೇಷ್ಮೆ ಅಂಚಿನ ಸೀರೆ ಉಟ್ಟು ಮೇಲೆ ನೀಲಿ ಕೋಟು ಹಾಕಿದೆ. ಕ್ಯಾಂಟೀನಿನ ಬಾವಾಕ ಚಹಾದ ಫ್ಲಾಸ್ಕ್ ಕೊಡುವಾಗ ಸೀರೆಯ ಅಂಚು ನೋಡಿದರು.

"ಎಂಥ ತಂಗೀ, ಇವತ್ತು ಮದುವೆ ಉಂಟಾ?"

"ಇಲ್ಲ ಬಾವಾಕ. ಇಂಟರ್‌ವ್ಯೂ."

"ಅದು ಗೊತ್ತುಂಟು. ಯಾರದ್ದು?"

"ಹನ್ನೊಂದು ಮಂದಿ ಇದ್ದಾರೆ" ಎಂದು ಫ್ಲಾಸ್ಕ್ ಎತ್ತಿಕೊಂಡೆ.

ಸಭಾಕೋಣೆಯ ಹೊರಗೆ ಒಂದು ಉದ್ದ ಬೆಂಚು. ಹತ್ತು ಮಂದಿ ಬಂದು ಕುಳಿತಿದ್ದರು. ಎಲ್ಲರೂ ನಮ್ಮವರೇ. ಎಂಟನೆಯವರು ಮಾಯಿಲಪ್ಪ, ನಾರಾವಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಪ್ರಮಾಣಪತ್ರಗಳನ್ನು ರಸಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದರು. ಅದು ನೀರು ಬಿಡುವುದಿಲ್ಲ. ಅವರಿಗೆ ಕುಡಿಯಲು ನೀರು ಕೊಟ್ಟೆ.

"ಅಕ್ಕ, ಒಳಗೆ ಎಂಥದು ಕೇಳ್ತಾರೆ? ನಿಮಗೆ ಗೊತ್ತಿರ್ತದಲ್ಲ" ಎಂದರು.

"ಗೊತ್ತಿಲ್ಲ. ಕೇಳಿ ಬಂದವರು ಯಾರೂ ಇಲ್ಲಿ ಕೆಲಸಕ್ಕೆ ಉಳಿಯಲಿಲ್ಲ" ಎಂದೆ. ಅವರು ನಗಲು ನೋಡಿದರು.

ಮೇಜಿನ ಮೇಲೆ ಒಂದು ರಿಜಿಸ್ಟರ್ ಇತ್ತು. ಅಭ್ಯರ್ಥಿಯ ಸಹಿ, ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ. ತುಂಬಿಸುವವಳು ನಾನು. ಮೊದಲನೆಯವರಿಗೆ ಇಪ್ಪತ್ತೆರಡು ನಿಮಿಷ. ಎರಡನೆಯವರಿಗೆ ಹತ್ತೊಂಬತ್ತು. ಆಮೇಲೆ ಇಪ್ಪತ್ತನಾಲ್ಕು, ಇಪ್ಪತ್ತೊಂದು, ಇಪ್ಪತ್ತು, ಇಪ್ಪತ್ತಮೂರು. ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದ ಮೇಲೆ ಇಷ್ಟು ಹೊತ್ತು ಯಾಕೆ ಕೂರಿಸುತ್ತಾರೆ ಎಂದು ನೀವು ಕೇಳಬಹುದು. ಕಡತ ಚೆಂದ ಕಾಣಬೇಕಲ್ಲ. ನಡುವೆ ಎರಡು ಸಲ ಚಹಾ ಕೊಟ್ಟೆ. ಒಳಗೆ ಐದು ಮಂದಿ. ನಡುವೆ ಅಧ್ಯಕ್ಷರು. ಅವರ ಬಲಕ್ಕೆ ಬೆಂಗಳೂರಿನಿಂದ ಬಂದ ವಿಷಯತಜ್ಞರು. ಎಡಕ್ಕೆ ನಮ್ಮೂರ ಕಡೆಯ ದೊಡ್ಡ ಮನೆಯ ಪ್ರೊಫೆಸರು. ಒಂದು ಕೊನೆಯಲ್ಲಿ ಕುಲಸಚಿವರ ಕಡೆಯವರು, ಇನ್ನೊಂದು ಕೊನೆಯಲ್ಲಿ ಕಾನೂನಿನ ಪ್ರಕಾರ ಇರಬೇಕಾದ ನಮ್ಮ ಜಾತಿಯ ಪ್ರತಿನಿಧಿ. ಪ್ರತಿನಿಧಿಗಳು ಬಿಸ್ಕತ್ತು ತಿನ್ನುತ್ತಿರಲಿಲ್ಲ. ಪ್ಲೇಟನ್ನೇ ನೋಡುತ್ತಿದ್ದರು.

ಆರನೆಯವರು ಹೊರಗೆ ಬಂದರು. ನಾನು ಬಾಗಿಲಲ್ಲಿ ನಿಂತು ಕರೆದೆ.

"ಕ್ರಮ ಸಂಖ್ಯೆ ಏಳು. ಡಾಕ್ಟರ್ ಹರ್ಷಿತಾ ಎಚ್."

ಬೆಂಚಿನ ಮೇಲೆ ಯಾರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ನಿಯಮದ ಪ್ರಕಾರ ಮೂರು ಸಲ ಕರೆಯಬೇಕು. ಎರಡನೆಯ ಸಲ ಕರೆದೆ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಸುಮ್ಮನಿದ್ದರೆ ಆಗುತ್ತಿತ್ತು. ಗೈರು ಎಂದು ಬರೆದು ಎಂಟನೆಯವರನ್ನು ಕರೆದರೆ ಸಂಜೆ ಲೋಟ ತೊಳೆದು ಐದೂವರೆಯ ಬಸ್ಸಿಗೆ ಮನೆ ಸೇರಬಹುದು, ನಾಳೆಯೂ ಕೆಲಸ ಉಂಟು. ಹತ್ತು ಜನ್ಮಕ್ಕೆ ಆಗುವಷ್ಟು ನಾವು ಸುಮ್ಮನಿದ್ದದ್ದು ಹೀಗೆಯೇ, ನಾಳೆಯ ಕೆಲಸ ನೆನೆದು.

ಮೂರನೆಯ ಸಲ ಕರೆದೆ. ಕೋಟು ಬಿಚ್ಚಿ ಬಾಗಿಲ ಕೊಕ್ಕೆಗೆ ಸಿಕ್ಕಿಸಿದೆ. ರಿಜಿಸ್ಟರಿನಲ್ಲಿ ಸಹಿ ಮಾಡಿದೆ. ಒಳಗೆ ಹೋದ ಸಮಯ ಹನ್ನೆರಡೂವರೆ. ಮಾಯಿಲಪ್ಪ ಬಾಯಿ ತೆರೆದದ್ದು ಹಾಗೆಯೇ ಇತ್ತು.

"ಟೀ ಈಗ ಬೇಡ" ಎಂದರು ಅಧ್ಯಕ್ಷರು, ತಲೆ ಎತ್ತದೆ.

"ಟೀ ಅಲ್ಲ ಸರ್. ಕ್ರಮ ಸಂಖ್ಯೆ ಏಳು."

"ಬರಲಿಕ್ಕೆ ಹೇಳು."

"ಬಂದಿದ್ದೇನೆ ಸರ್."

ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಕುಳಿತೆ. ಎರಡು ವರ್ಷದಿಂದ ಆ ಕುರ್ಚಿಯನ್ನು ಒರೆಸುತ್ತಿದ್ದೆ, ಅದರ ಒಂದು ಕಾಲು ಗಿಡ್ಡ ಎಂದು ಅವತ್ತೇ ಗೊತ್ತಾದದ್ದು. ಅಧ್ಯಕ್ಷರು ಅರ್ಜಿಯ ಫೋಟೋ ನೋಡಿದರು. ನನ್ನನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

"ಇದು ಎಂಥ ತಮಾಷೆ? ನೀನು ಅಟೆಂಡರ್ ಅಲ್ವಾ?"

"ಹೌದು ಸರ್. ಅಭ್ಯರ್ಥಿಯೂ ಹೌದು. ಮೂಲ ಪ್ರತಿಗಳು ತಂದಿದ್ದೇನೆ."

ನಮ್ಮೂರ ಕಡೆಯ ಪ್ರೊಫೆಸರು ಕನ್ನಡಕ ಮೇಲೆ ಸರಿಸಿದರು. "ತಡಿ, ನೀನು ಸಿದ್ಧಕಟ್ಟೆಯ ಹುಕ್ರನ ಮಗಳಲ್ವಾ? ನಮ್ಮ ಕಂಪೌಂಡಿಗೆ ಕಲ್ಲು ಇಳಿಸಿದವ."

"ಹುಕ್ರಪ್ಪ ಸರ್. ರೇಷನ್ ಕಾರ್ಡಿನಲ್ಲಿ ಹಾಗೆ ಉಂಟು."

"ಅದೇ, ಅದೇ. ಒಳ್ಳೆಯ ಆಳು. ಇಷ್ಟೆಲ್ಲ ಓದಿಸಿದನಾ!" ಎಂದು ಅಧ್ಯಕ್ಷರ ಕಡೆ ತಿರುಗಿ ಸಂತೋಷದಿಂದ ತಲೆ ಆಡಿಸಿದರು. ತಾವು ಹೀಗಳೆದೆವೆಂಬ ಅಂದಾಜೇ ಅವರಿಗೆ ಇರಲಿಲ್ಲ. ನನಗೆ ಕಿವಿ ಬಿಸಿಯಾಯಿತು.

ಅಧ್ಯಕ್ಷರು ಕೇಳಿದರು, "ಇಲ್ಲಿ ಲೋಟ ತೊಳೆಯುವುದನ್ನು ಎಲ್ಲರೂ ನೋಡಿದ್ದಾರೆ. ನಾಳೆ ಕ್ಲಾಸಿಗೆ ಹೋದರೆ ಮಕ್ಕಳು ನಿನ್ನನ್ನು ಒಪ್ತಾರಾ?"

"ಲೋಟ ತೊಳೆದದ್ದನ್ನು ಒಪ್ಪಿ ಕುಡಿದಿದ್ದಾರೆ ಸರ್."

ಪ್ರತಿನಿಧಿಗಳು ಬಿಸ್ಕತ್ತಿನ ಪ್ಲೇಟನ್ನು ಅರ್ಧ ಅಂಗುಲ ಆಚೆ ಸರಿಸಿದರು. ವಿಷಯತಜ್ಞರು ನನ್ನ ಪ್ರಬಂಧದ ಪುಟ ತಿರುಗಿಸುತ್ತಿದ್ದರು, ಒಂದು ಪುಟದಲ್ಲಿ ತಡೆದು ಓದಲು ಶುರು ಮಾಡಿದ್ದರು. ಅಧ್ಯಕ್ಷರು ಅದನ್ನು ಅವರ ಕೈಯಿಂದ ಮೆಲ್ಲನೆ ತೆಗೆದು ಮುಚ್ಚಿದರು.

"ಆಯ್ತು. ನೀನು ಹೋಗಬಹುದು. ಹೋಗುವಾಗ ಈ ಲೋಟ ಎಲ್ಲ ತೆಗೊಂಡು ಹೋಗು. ಮುಂದಿನವರನ್ನು ಕಳಿಸು."

ಲೋಟಗಳು ಐದು. ಒಂದರ ತಳದಲ್ಲಿ ಚಹಾ ಉಳಿದಿತ್ತು. ಕೈ ಅಭ್ಯಾಸಬಲದಿಂದ ಮೇಜಿನ ಕಡೆಗೆ ಹೋಯಿತು. ಇದನ್ನು ಮುಚ್ಚಿಡುವುದಿಲ್ಲ, ಕೈ ಹೋದದ್ದು ನಿಜ. ಎರಡು ಲೋಟ ಹಿಡಿದೂ ಆಗಿತ್ತು. ಗೋಡೆಯ ಗಡಿಯಾರ ನೋಡಿದೆ. ಹನ್ನೆರಡು ಮೂವತ್ತನಾಲ್ಕು.

ಲೋಟ ವಾಪಸು ಇಟ್ಟೆ.

"ಸರ್, ನನಗಿಂತ ಮೊದಲಿನ ಆರು ಮಂದಿಗೆ ಕೊಟ್ಟ ಸಮಯ ಒಟ್ಟು ನೂರಿಪ್ಪತ್ತೊಂಬತ್ತು ನಿಮಿಷ. ಸರಾಸರಿ ಇಪ್ಪತ್ತೊಂದೂವರೆ. ಬಾಗಿಲಲ್ಲಿ ಬರೆದುಕೊಂಡವಳು ನಾನು. ನನಗೆ ನಾಲ್ಕು ನಿಮಿಷ ಆಯಿತು. ಇನ್ನು ಹದಿನೇಳೂವರೆ ನಿಮಿಷ ಉಂಟು. ಕೇಳಿ."

"ಏನು ಕೇಳುವುದು?"

"ಸಂಖ್ಯಾಶಾಸ್ತ್ರ."

"ಕೇಳುವುದು ಬಿಡುವುದು ನಮಗೆ ಸೇರಿದ್ದು. ಹೊರಗೆ ಹೋಗು."

"ಹದಿನೇಳೂವರೆ ನಿಮಿಷ ಆದ ಮೇಲೆ ಹೋಗ್ತೇನೆ ಸರ್."

ಅಧ್ಯಕ್ಷರು ಕರೆಗಂಟೆ ಒತ್ತಿದರು. ಹೊರಗೆ ಸದ್ದಾಯಿತು. ಯಾರೂ ಬರಲಿಲ್ಲ. ಮತ್ತೆ ಒತ್ತಿದರು. ಬರಬೇಕಾದವಳು ಅವರ ಎದುರೇ ಕುಳಿತಿದ್ದಳು. ಇದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಎಲ್ಲ ಅಭ್ಯರ್ಥಿಗಳಿಗೂ ಒಂದು ಪಾಠ ಮಾಡಿ ತೋರಿಸಲು ಹೇಳಿದ್ದರು. ನನಗೆ ಹೇಳಲಿಲ್ಲ. ಹೇಳದಿದ್ದರೂ ಎದ್ದು ಬೋರ್ಡಿನ ಹತ್ತಿರ ಹೋದೆ. ಬೆಳಿಗ್ಗೆ ಒರೆಸಿಟ್ಟ ಬೋರ್ಡು. ಮಾರ್ಕರ್ ಎಲ್ಲಿ ಉಂಟು ಎಂದು ಹುಡುಕಬೇಕಾಗಿ ಬರಲಿಲ್ಲ.

"ಒಂದು ನಾಣ್ಯ ಉಂಟು" ಎಂದು ಶುರು ಮಾಡಿದೆ. ಡಿಗ್ರಿ ಮಕ್ಕಳಿಗೆ ಮಾಡುವ ಸ್ವರದಲ್ಲೇ. "ಚಿಮ್ಮಿದರೆ ರಾಜನ ಬದಿ ಬೀಳಬಹುದು, ಸಂಖ್ಯೆಯ ಬದಿ ಬೀಳಬಹುದು. ಒಂದು ಸಲ ರಾಜ ಬಿದ್ದರೆ ಅದೃಷ್ಟ. ಎರಡು ಸಲ ಬಿದ್ದರೂ ಅದೃಷ್ಟ. ಮೂರು, ನಾಲ್ಕು, ಇರಲಿ. ಹದಿನಾಲ್ಕು ಸಲ ಚಿಮ್ಮಿದಾಗ ಹದಿನಾಲ್ಕು ಸಲವೂ ರಾಜನೇ ಬಿದ್ದರೆ?"

ಬೋರ್ಡಿನ ಮೇಲೆ ಒಂದರಿಂದ ಶುರು ಮಾಡಿ ಎರಡರಿಂದ ಗುಣಿಸುತ್ತ ಹೋದೆ. ಹದಿನಾಲ್ಕು ಸಲ. ಕೊನೆಯಲ್ಲಿ ಬರೆದೆ, 16,384ರಲ್ಲಿ ಒಂದು.

"ನಾಣ್ಯ ಸರಿ ಇದ್ದರೆ ಹೀಗಾಗುವ ಸಂಭವ ಇಷ್ಟು. ಇಲ್ಲಿ ವಿದ್ಯಾರ್ಥಿಗೆ ಎರಡು ದಾರಿ ಉಂಟು. ಸಂಖ್ಯೆಯ ಬದಿಯಲ್ಲಿ ಯೋಗ್ಯತೆ ಇಲ್ಲ ಎಂದು ಹೇಳಬಹುದು. ಅಥವಾ ನಾಣ್ಯವನ್ನು ತಿರುಗಿಸಿ ನೋಡಬಹುದು. ನಮ್ಮ ಶಾಸ್ತ್ರ ಎರಡನೆಯದನ್ನು ಮಾಡಲಿಕ್ಕೆ ಹೇಳ್ತದೆ."

"ಯಾವ ಹದಿನಾಲ್ಕು?" ಅಧ್ಯಕ್ಷರು ಕೇಳಿದರು. ಅವರ ಸ್ವರ ಸಣ್ಣದಾಗಿತ್ತು.

ಹೇಳಿದೆ. ವರ್ಷ, ವಿಭಾಗ, ಬಂದವರ ಸಂಖ್ಯೆ, ಕೊನೆಯ ಹಾಳೆಯ ವಾಕ್ಯ. ಒಂದೊಂದಾಗಿ ಹದಿನಾಲ್ಕನ್ನೂ ಬೋರ್ಡಿನ ಮೇಲೆ ಬರೆದೆ. ಕಾಗದ ನೋಡಲಿಲ್ಲ. ಹೊತ್ತ ಭಾರ ಮರೆತುಹೋಗುವುದಿಲ್ಲ. ತೊಂಬತ್ತಾರು ಮಂದಿ, ಆಯ್ಕೆ ಸೊನ್ನೆ. ಎರಡನೆಯ ಕಡತದಲ್ಲಿದ್ದ ಹೆಣ್ಣುಮಗಳಿಗೆ ಚಿನ್ನದ ಪದಕ ಇತ್ತು. ಅವಳಿಗೆ ಸಂವಹನ ಕಡಿಮೆ ಎಂದು ಬರೆದಿದ್ದರು. ಒಂಬತ್ತನೆಯ ಕಡತದವರು ಎಲ್ಲ ಪ್ರಶ್ನೆಗೂ ಉತ್ತರ ಹೇಳಿದ್ದರು. ಅವರಿಗೆ ಅತಿಯಾದ ಆತ್ಮವಿಶ್ವಾಸ.

ವಿಷಯತಜ್ಞರು ತಡೆಯಲಾಗದೆ ಬಾಯಿ ಬಿಟ್ಟರು. "ಆದ್ರೆ ಅಭ್ಯರ್ಥಿ ನಾಣ್ಯ ಅಲ್ವಲ್ಲಮ್ಮ. ಅರ್ಧಕ್ಕರ್ಧ ಅಂತ ಹೇಗೆ ತಗೋತೀರಿ?"

ಆ ಕೋಣೆಯಲ್ಲಿ ನನಗೆ ಸಿಕ್ಕಿದ ಮೊದಲ ಮತ್ತು ಕೊನೆಯ ಪ್ರಶ್ನೆ ಅದು. ಸಂತೋಷವಾಯಿತು. ಸುಳ್ಳಲ್ಲ, ಕಣ್ಣಲ್ಲಿ ನೀರು ಬರುವಷ್ಟು ಸಂತೋಷ.

"ಸರಿ ಸರ್. ಅರ್ಧ ಬೇಡ. ಒಂದು ಸಂದರ್ಶನದಲ್ಲಿ ಯಾರೂ ಯೋಗ್ಯರು ಸಿಗದೆ ಹೋಗುವ ಸಂಭವ ನೂರಕ್ಕೆ ಅರವತ್ತು ಎಂದು ನಿಮ್ಮ ಕಡೆಗೇ ಹೆಚ್ಚು ಕೊಡುವ. ಹದಿನಾಲ್ಕು ಸಲ ಗುಣಿಸಿ. ಸಾವಿರಕ್ಕೆ ಒಂದು ಸಹ ಬರುವುದಿಲ್ಲ."

ಅವರು ಪೆನ್ನು ತೆಗೆದು ಚಹಾದ ಕಲೆ ಬಿದ್ದ ಕಾಗದದ ಅಂಚಿನಲ್ಲಿ ಗುಣಿಸಿದರು. ಎಲ್ಲರೂ ಕಾದರು.

"ಲೆಕ್ಕ ಸರಿ ಇದೆ" ಎಂದರು. ಅಧ್ಯಕ್ಷರು ಅವರ ಕಡೆ ನೋಡಿದರು. ಅವರು ಪೆನ್ನಿನ ಮುಚ್ಚಳ ಹಾಕಿದರು.

ಗಡಿಯಾರ ಹನ್ನೆರಡು ಐವತ್ತೆರಡು. ಅರ್ಧ ನಿಮಿಷ ಹೆಚ್ಚು ತೆಗೆದುಕೊಂಡಿದ್ದೆ. ಕ್ಷಮೆ ಕೇಳಿ, ಪ್ರಮಾಣಪತ್ರಗಳನ್ನು ಜೋಡಿಸಿಕೊಂಡು ಎದ್ದೆ.

"ಮುಂದಿನವರನ್ನು ಕಳಿಸು" ಎಂದರು ಅಧ್ಯಕ್ಷರು.

"ಅದು ಅಟೆಂಡರ್ ಕೆಲಸ ಸರ್. ಅಭ್ಯರ್ಥಿಯ ಹತ್ತಿರ ಮಾಡಿಸಬಾರದು."

ಹೊರಗೆ ಬಂದು ರಿಜಿಸ್ಟರಿನಲ್ಲಿ ಸಮಯ ಬರೆದೆ. ಬೆಂಚಿನವರೆಲ್ಲ ಎದ್ದು ಬಾಗಿಲ ಹತ್ತಿರ ಬಂದು ನಿಂತಿದ್ದರು. ಕೋಟನ್ನು ಕೊಕ್ಕೆಯಿಂದ ತೆಗೆಯಲಿಲ್ಲ. ಎದುರಿನ ಮೆಟ್ಟಿಲಿನಿಂದ ಇಳಿದೆ. ನಮಗೆ ಹಿಂದಿನ ಮೆಟ್ಟಿಲು ಎಂದು ಹೇಳಿದ್ದರು.

ಬಸ್ಸು ಮೂಡುಬಿದಿರೆ ನಿಲ್ದಾಣ ಮುಟ್ಟುವ ಮೊದಲೇ ಮನೀಷನ ಫೋನ್ ಬಂತು.

"ನೀನು ಪಿಎಚ್‌ಡಿ ಅಂತ ಯಾಕೆ ಹೇಳಲಿಲ್ಲ? ಇದು ಮೋಸ ಅಲ್ವಾ? ಅಷ್ಟು ಓದಿದವರನ್ನು ನಾವು ಇಟ್ಟುಕೊಳ್ಳುವ ಹಾಗೆ ಇಲ್ಲ. ನಾಳೆಯಿಂದ ಬರುವುದು ಬೇಡ."

ಇದ್ದದ್ದು ಒಂದೇ ಪಿಎಚ್.ಡಿ. ಒಂದು ಗಂಟೆಗೆ ಅದು ಸಾಲದಾಯಿತು. ಒಂದೂಕಾಲಿಗೆ ಹೆಚ್ಚಾಯಿತು.

ಮನೆಯಲ್ಲಿ ಅಪ್ಪ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಆಂಡಾ?" ಎಂದು ತುಳುವಿನಲ್ಲಿ ಕೇಳಿದರು, ಆಯಿತಾ ಎಂದು. ಇಂಟರ್‌ವ್ಯೂ ಆಯಿತು, ಕೆಲಸ ಹೋಯಿತು ಎಂದೆ. ಲೋಟದ ಮಾತನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಎಣ್ಣೆ ತಿಕ್ಕಿದರು. ಆಮೇಲೆ, ಲೋಟ ತೆಗೆದುಕೊಂಡು ಬರಲು ಅವರು ಹೇಳಿದಾಗ ನೀನು ತಂದಿಯಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಅನ್ನಕ್ಕೆ ನೀರಿಡಲು ತಾವೇ ಎದ್ದರು. ಬೇಡ ಎಂದರೂ ಕೇಳಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಲವತ್ತು ದಿನದ ಮೇಲೆ ಉತ್ತರ ಬಂತು. ಆಯ್ಕೆ ಸಮಿತಿಯ ನಡವಳಿಯ ಪ್ರತಿ, ಐದು ಸಹಿ. ಕ್ರಮ ಸಂಖ್ಯೆ ಏಳರ ಎದುರು ‘ಗೈರುಹಾಜರು’ ಎಂದಿತ್ತು. ಬಾಗಿಲಿನ ರಿಜಿಸ್ಟರ್ ‘ಲಭ್ಯವಿಲ್ಲ’. ಜೊತೆಗೆ, ನಾನು ಕೇಳಿದ್ದೆನೆಂದು, ಏಜೆನ್ಸಿಯ ಹಾಜರಿ ಪುಸ್ತಕದ ಪ್ರತಿಯೂ ಇತ್ತು. ಅದೇ ದಿನ, ಅಟೆಂಡರ್ ಹರ್ಷಿತಾ, ಹನ್ನೆರಡೂವರೆಯಿಂದ ಗೈರುಹಾಜರು. ಆ ಇಪ್ಪತ್ತೆರಡು ನಿಮಿಷ ನಾನು ಆ ಕಟ್ಟಡದಲ್ಲಿ ಎರಡು ಸಲ ಇರಲಿಲ್ಲ.

ವಿಷಯತಜ್ಞರ ಸಹಿ ನೋಡಿದೆ. ಲೆಕ್ಕ ಸರಿ ಇದೆ ಎಂದವರ ಸಹಿ. ಚೆಂದದ ಸಹಿ, ಕೆಳಗೆ ಎರಡು ಚುಕ್ಕಿ. ನಮ್ಮ ಪ್ರತಿನಿಧಿಗಳದ್ದೂ ಇತ್ತು. ಬೇರೆ ಯಾರ ಮೇಲೂ ಬಾರದ ಸಿಟ್ಟು ನನಗೆ ಆ ಎರಡು ಸಹಿಗಳ ಮೇಲೆ ಬಂತು. ಉಳಿದ ಮೂವರು ಅಲ್ಲೇ ಇದ್ದರೂ ನನ್ನ ಪಾಠ ಮನಸ್ಸಿಟ್ಟು ಕೇಳಿರಲಿಲ್ಲ. ಇವರಿಬ್ಬರು ಕೇಳಿದ್ದರು.

ಕೊನೆಯ ಹಾಳೆಯ ವಾಕ್ಯ ನೀವೇ ಓದಿಕೊಳ್ಳಬಹುದು. ಅಲ್ಪವಿರಾಮ ಅದೇ ಜಾಗದಲ್ಲಿ ಉಂಟು.

ಇನ್ನೊಂದು ವಿಷಯ ಆ ಪಟ್ಟಿಯಲ್ಲಿತ್ತು. ಎಂಟು, ಒಂಬತ್ತು, ಹತ್ತು, ಹನ್ನೊಂದು, ನಾಲ್ವರೂ ಗೈರು. ಮಾಯಿಲಪ್ಪರ ನಂಬರ್ ಹುಡುಕಿ ಫೋನ್ ಮಾಡಿದೆ.

"ಗೈರಾ?" ಎಂದರು ಅವರು. "ಅಕ್ಕ, ನೀವು ಹೋದ ಮೇಲೆ ನಮ್ಮನ್ನು ಕರೆಯುವವರೇ ಇರಲಿಲ್ಲ. ಒಂದು ಗಂಟೆಗೆ ಅವರು ಊಟಕ್ಕೆ ಹೋದರು. ಎರಡೂವರೆಗೆ ಸೂಪರಿಂಟೆಂಡೆಂಟ್ ಬಂದು ಮುಗಿಯಿತು, ಮನೆಗೆ ಹೋಗಿ ಅಂದರು. ನಾಲ್ಕೂ ಮಂದಿ ಅಲ್ಲೇ ಇದ್ದೆವು. ಊಟ ಸಹ ಮಾಡಲಿಲ್ಲ, ಕರೆದರೆ ಅಂತ."

"ನನ್ನಿಂದಾಗಿ ನಿಮಗೆ ಹೋಯಿತು" ಎಂದೆ. ಅದು ನನಗೆ ಚುಚ್ಚುತ್ತಿತ್ತು. ಬಾಗಿಲಲ್ಲಿ ನಿಂತು ಕರೆಯುವವಳು ಹೊರಟುಹೋದರೆ ಒಳಗಿನವರಿಗೆ ತೊಂದರೆಯಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಬೆಂಚಿನವರಿಗೆ.

"ಹೋಗಲಿಕ್ಕೆ ಇದ್ದದ್ದಾದರೂ ಎಂಥದು ಅಕ್ಕ? ನಿಮ್ಮ ಪಾಠ ಹೊರಗೆ ಪೂರ್ತಿ ಕೇಳ್ತಿತ್ತು. ನಾನು ಬರೆದುಕೊಡ್ತೇನೆ, ನೀವು ಒಳಗೆ ಇದ್ದಿರಿ ಅಂತ. ಉಳಿದವರ ಹತ್ತಿರವೂ ಕೇಳುವ."

"ಮುಂದಿನ ಸಲ ನೀವು ಅರ್ಜಿ ಹಾಕುವವರು. ಯೋಚನೆ ಮಾಡಿ."

"ಮಾಡಿದೆ. ಬರೆದುಕೊಡ್ತೇನೆ."

ಐವರೂ ಸೇರಿ ಬೆಂಗಳೂರಿನ ಪರಿಶಿಷ್ಟರ ಆಯೋಗಕ್ಕೆ ದೂರು ಕೊಟ್ಟೆವು. ಹದಿನಾಲ್ಕು ಕಡತದ ಪಟ್ಟಿ, ಹದಿನೈದನೆಯದರ ನಡವಳಿ, ಐದು ಹೇಳಿಕೆ. ಒಬ್ಬಳು ಹೆಣ್ಣುಮಗಳು ಮೊದಲು ಹಿಂದೆ ಸರಿದು, ಎರಡು ದಿನ ಬಿಟ್ಟು ತಾನೇ ಬಂದು ಸಹಿ ಹಾಕಿದಳು. ವಿಶ್ವವಿದ್ಯಾಲಯಕ್ಕೆ ನೋಟಿಸು ಹೋಯಿತು.

ನಾನು ಅಷ್ಟರಲ್ಲಿ ಗೇರುಬೀಜದ ಕಾರ್ಖಾನೆಗೆ ಸೇರಿದ್ದೆ. ಬೀಜ ಒಡೆಯುವ ಕೆಲಸ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಕಪ್ಪಾಗಿ ಎದ್ದುಬರುತ್ತದೆ. ಬೂದಿ ಹಚ್ಚಿಕೊಂಡು ಮಾಡಬೇಕು, ಹಚ್ಚಿಕೊಂಡರೂ ಏಳುತ್ತದೆ. ಎರಡು ತಿಂಗಳಲ್ಲಿ ನನ್ನ ಬೆರಳಿನ ಗುರುತು ಅಳಿಸಿ, ರೇಷನ್ ಅಂಗಡಿಯ ಯಂತ್ರ ನನ್ನನ್ನು ಒಪ್ಪುವುದನ್ನು ನಿಲ್ಲಿಸಿತ್ತು. ಅಲ್ಲಿಯೂ ಲಭ್ಯವಿಲ್ಲ. ಅಪ್ಪನ ಹೆಬ್ಬೆಟ್ಟಿನಿಂದ ಅಕ್ಕಿ ಬರುತ್ತಿತ್ತು.

ಶೋಧನ್ ಸರ್ ಫೋನ್ ಮಾಡಿದಾಗ ಎರಡೂ ಕೈಗೆ ಎಣ್ಣೆ ಇತ್ತು. ಪಕ್ಕದ ಖತೀಜಮ್ಮ ಫೋನನ್ನು ನನ್ನ ಕಿವಿಗೆ ಹಿಡಿದುಕೊಂಡರು.

"ಹರ್ಷಿತಾ, ಚೆನ್ನಾಗಿದ್ದೀರಾ?" ಎಂದರು. ನನಗೆ ಬಹುವಚನ ಕೊಟ್ಟದ್ದು ಅದೇ ಮೊದಲು. "ನೋಡಿ, ದೊಡ್ಡವರು ಹೇಳಿದ್ದಾರೆ. ಮನೀಷನ ಹತ್ತಿರ ನಾನು ಮಾತಾಡಿದ್ದೇನೆ. ಸೋಮವಾರದಿಂದ ಡ್ಯೂಟಿಗೆ ಬನ್ನಿ. ನೀರಿನ ಕ್ಯಾನ್ ಬೇಡ, ಬರೀ ಕಡತದ ಕೆಲಸ. ಆ ದೂರು ಒಂದು ವಾಪಸ್ ತೆಗೊಳ್ಳಿ. ನಿಮಗೂ ಒಳ್ಳೆಯದು, ನಮಗೂ ಒಳ್ಳೆಯದು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದು ಗೊತ್ತಾಗುತ್ತಿತ್ತು. ನನ್ನ ಕೈ ಉರಿಯುತ್ತಿತ್ತು. ಅಪ್ಪನ ಮದ್ದು ಎರಡು ದಿನದಿಂದ ಮುಗಿದಿತ್ತು. ಹೌದು ಎಂದು ಬಿಡುವ ಆಸೆ ಒಂದು ಸಲ ಬಂತು.

"ಆ ಸಂಖ್ಯಾಶಾಸ್ತ್ರದ ಹುದ್ದೆ ಎಂಥ ಆಯಿತು ಸರ್?" ಎಂದು ಕೇಳಿದೆ.

"ಅದಾ? ಅದಕ್ಕೆ ಪುನಃ ಪ್ರಕಟಣೆ ಬರ್ತದೆ. ನೋಟಿಸು ಬಂತಲ್ಲ. ಡಿಸೆಂಬರಿನಲ್ಲಿ ಇಂಟರ್‌ವ್ಯೂ ಇಡಬೇಕು ಅಂತ ಉಂಟು."

"ಡಿಸೆಂಬರಿನಲ್ಲಿ ಬರ್ತೇನೆ ಸರ್" ಎಂದೆ. "ಐದೂ ಮಂದಿ ಬರ್ತೇವೆ. ಬಾಗಿಲಿಗೆ ಬೇರೆ ಜನ ನೋಡಿ."